ಮೂರನೇ ವಾರದ ಹಸಿವಿನ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಮಂಡ್ಯದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದೇನೆ. ನಿಮ್ಮ ಪತ್ರಿಕೆಯನ್ನು ಅಂಗಡಿಗೇ ತರಿಸುತ್ತೇನೆ. ಮೊನ್ನೆ ಆರೋಗ್ಯ ಪುಟದಲ್ಲಿ ತೂಕ ಇಳಿಸುವವರಿಗೆ ಸಲಹೆಗಳಿದ್ದವು. ದಿನಕ್ಕೆ ಒಂದು ಗಂಟೆ ವ್ಯಾಯಾಮ ಮಾಡಿ, ಊಟವನ್ನು ಅರ್ಧಕ್ಕೆ ಇಳಿಸಿ, ಹಸಿವಾದರೆ ನೀರು ಕುಡಿದು ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದಿತ್ತು. ಈ ಕೊನೆಯ ಮಾತನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನನ್ನಲ್ಲಿ ಒಂದು ಅಳತೆ ಪುಸ್ತಕ ಇದೆ. ಒಬ್ಬೊಬ್ಬರಿಗೆ ಒಂದೊಂದು ಪುಟ. ಎದೆ, ಸೊಂಟ, ತೋಳು, ಉದ್ದ, ಪಕ್ಕದಲ್ಲಿ ತಾರೀಖು. ಆ ಪುಟಗಳನ್ನು ತಿರುವಿದರೆ ಯಾರು ಯಾವಾಗ ಪಥ್ಯ ಹಿಡಿದರು, ಯಾವಾಗ ಬಿಟ್ಟರು ಎಂದು ನಾನು ಹೇಳಬಲ್ಲೆ. ಯುಗಾದಿಯಲ್ಲಿ 38 ಇದ್ದ ಸುತ್ತಳತೆ ಆಷಾಢಕ್ಕೆ 35 ಆಗಿರುತ್ತದೆ, ದಸರೆಗೆ 39. ಇಳಿದಾಗ ಬರುವವರು ನಗುತ್ತಾ ಬರುತ್ತಾರೆ: "ಇನ್ನೂ ಸ್ವಲ್ಪ ಬಿಗಿಯಾಗಿಯೇ ಹೊಲಿಯಿರಿ ಅಕ್ಕಾ, ತಿಂಗಳೊಪ್ಪತ್ತಿನಲ್ಲಿ ಇನ್ನಷ್ಟು ಇಳಿಯುತ್ತೇನೆ." ನಾನು ಸರಿ ಎನ್ನುತ್ತೇನೆ, ಆದರೆ ಒಳಗೆ ಎರಡು ಇಂಚು ಬಟ್ಟೆ ಬಿಟ್ಟೇ ಹೊಲಿಯುತ್ತೇನೆ. ನಾಲ್ಕು ತಿಂಗಳ ನಂತರ ಅದೇ ಹೆಂಗಸರು ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ ಬಂದು, ಕವರಿನಿಂದ ರವಿಕೆ ತೆಗೆದು, "ಸ್ವಲ್ಪ ಬಿಚ್ಚಿ ಕೊಡುತ್ತೀರಾ" ಎಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಏನೋ ತಪ್ಪು ಮಾಡಿದವರಂತೆ ನಿಂತಿರುತ್ತಾರೆ. ಆ ನಾಚಿಕೆಯನ್ನು ನೋಡಿ ನೋಡಿ ಸಂಕಟವಾಗಿದೆ. ನಾನೂ ಒಮ್ಮೆ ಹಾಗೆಯೇ ನಾಚಿದವಳು.

ಎರಡು ವರ್ಷದ ಹಿಂದೆ, ನನಗೆ ನಲವತ್ತಮೂರು ತುಂಬಿದಾಗ, ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ 112 ಬಂತು. ತೂಕ 74 ಕಿಲೋ. ಇನ್ನೂ ಕಾಯಿಲೆಯಲ್ಲ, ಆದರೆ ಗಡಿಯಲ್ಲಿದ್ದೀರಿ, ತೂಕ ಇಳಿಸಿ ಎಂದರು ವೈದ್ಯರು. ಹಗಲೆಲ್ಲ ಹೊಲಿಗೆ ಯಂತ್ರದ ಮುಂದೆ ಕೂರುವವಳು ನಾನು. ಊರಿನಲ್ಲಿ ನಡೆಯುತ್ತಿದ್ದ ಒಂದು ವ್ಯಾಯಾಮ ತರಗತಿಗೆ ಸೇರಿದೆ. ಬೆಳಗ್ಗೆ ಐದೂವರೆಯಿಂದ ಒಂದು ಗಂಟೆ ಕುಣಿತ, ಜಿಗಿತ. ಜೊತೆಗೆ ಒಂದು ಆಹಾರ ಪಟ್ಟಿ ಕೊಟ್ಟರು. ಬೆಳಗ್ಗೆ ನಿಂಬೆರಸದ ಬಿಸಿನೀರು, ಒಂಬತ್ತಕ್ಕೆ ಎರಡು ಇಡ್ಲಿ, ಮಧ್ಯಾಹ್ನ ಒಂದು ಚಪಾತಿ ಮತ್ತು ಪಲ್ಯ, ಸಂಜೆ ಸಕ್ಕರೆಯಿಲ್ಲದ ಟೀ, ರಾತ್ರಿ ಸೌತೆಕಾಯಿ ಮತ್ತು ಅರ್ಧ ಬಟ್ಟಲು ಓಟ್ಸ್ ಗಂಜಿ. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

ಮೊದಲ ಎರಡು ವಾರ ಹಬ್ಬದಂತೆ ಕಳೆದವು. ಮೂರು ಕಿಲೋ ಇಳಿದೆ. ವ್ಯಾಯಾಮ ಮುಗಿಸಿ ಬಂದಾಗ ಹಸಿವೇ ಇರುತ್ತಿರಲಿಲ್ಲ. ಜೋರಾಗಿ ಮೈ ದಣಿಸಿದ ಮೇಲೆ ಸ್ವಲ್ಪ ಹೊತ್ತು ಹಸಿವು ಅಡಗುವುದು ಸಹಜ ಎಂದೂ, ಮೊದಲು ಇಳಿಯುವ ತೂಕದಲ್ಲಿ ಹೆಚ್ಚಿನದು ನೀರು ಎಂದೂ ಆಗ ನನಗೆ ಯಾರೂ ಹೇಳಿರಲಿಲ್ಲ. ಮೂರನೇ ವಾರ ಹಸಿವು ಶುರುವಾಯಿತು. ಅದು ನನಗೆ ಗೊತ್ತಿದ್ದ ಹಸಿವಲ್ಲ. ಊಟ ಮುಗಿಸಿ ಕೈ ತೊಳೆಯುವಾಗಲೇ ಮುಂದಿನ ಊಟದ ಯೋಚನೆ. ಪಕ್ಕದ ಮನೆಯ ಒಗ್ಗರಣೆಯ ವಾಸನೆ ಬಂದರೆ ಯಂತ್ರದ ಮೇಲಿನ ಕಾಲು ನಿಲ್ಲುತ್ತಿತ್ತು. ಗೌರಿ ಹಬ್ಬದ ಕೆಲಸ ಬೇರೆ. ರಾತ್ರಿ ಹನ್ನೊಂದಾದರೂ ಮಲಗುವಂತಿರಲಿಲ್ಲ. ಒಂದು ಸಂಜೆ ನಾಲ್ಕೂವರೆಗೆ ಒಬ್ಬರ ಮೈಸೂರು ರೇಷ್ಮೆಯ ರವಿಕೆ ಬಟ್ಟೆಯನ್ನು ಹಾಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕತ್ತರಿ ಹಿಡಿದೆ. ಬೆರಳು ನಡುಗುತ್ತಿತ್ತು. ತೋಳಿನ ತುಂಡು ಗೆರೆ ಬಿಟ್ಟು ಒಂದೂವರೆ ಇಂಚು ಒಳಕ್ಕೆ ಕತ್ತರಿಸಿಹೋಯಿತು. ಇಪ್ಪತ್ತು ವರ್ಷದಲ್ಲಿ ನನ್ನ ಕೈಯಿಂದ ಹಾಗಾಗಿರಲಿಲ್ಲ. ಆ ಬಟ್ಟೆಯ ದುಡ್ಡು ಕಟ್ಟಿಕೊಟ್ಟೆ.

ಅಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ದೀಪವನ್ನೂ ಹಾಕದೆ, ಹಬ್ಬಕ್ಕೆಂದು ಮಾಡಿಟ್ಟಿದ್ದ ಚಕ್ಕುಲಿ ಡಬ್ಬಿಯ ಮುಂದೆ ನಿಂತು ತಿಂದೆ. ಸದ್ದಾಗಬಾರದೆಂದು ಬಾಯಲ್ಲೇ ನೆನೆಸಿ ನೆನೆಸಿ ತಿಂದೆ. ತಿಂದು ಅತ್ತೆ. ಮರುದಿನ ತರಗತಿಯಲ್ಲಿ ಹೇಳಿಕೊಂಡಾಗ ಸಿಕ್ಕ ಉತ್ತರ, "ನಿಮಗೆ ಮನಸ್ಸು ಗಟ್ಟಿ ಇಲ್ಲ. ನಾಳೆಯಿಂದ ಇನ್ನೂ ಅರ್ಧ ಗಂಟೆ ಹೆಚ್ಚು ಮಾಡಿ."

ನನ್ನ ತಂಗಿಯ ಮಗಳು ನರ್ಸಿಂಗ್ ಓದುತ್ತಾಳೆ. ಅವಳು ಆ ಪಟ್ಟಿಯನ್ನು ಫ್ರಿಜ್ಜಿನಿಂದ ಕಿತ್ತು, ಕೂತು ಲೆಕ್ಕ ಹಾಕಿದಳು. ದಿನಕ್ಕೆ ಸಾವಿರ ಕ್ಯಾಲರಿ ಕೂಡ ತುಂಬಲಿಲ್ಲ. ಆಮೇಲೆ ಅಮೆರಿಕದ ಮಿನ್ನೆಸೋಟದಲ್ಲಿ ನಡೆದ ಒಂದು ಪ್ರಯೋಗದ ಕಥೆ ಹೇಳಿದಳು. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿ ಇಟ್ಟು, ವಾರಕ್ಕೆ 22 ಮೈಲಿ ನಡೆಸಿದರು. ಉಪವಾಸ ಬಿದ್ದ ದೇಶಗಳ ಜನರನ್ನು ಮತ್ತೆ ಹೇಗೆ ಚೇತರಿಸಿಕೊಳ್ಳುವಂತೆ ಮಾಡುವುದು ಎಂದು ತಿಳಿಯುವುದು ಅವರ ಉದ್ದೇಶವಾಗಿತ್ತು. ಆ ಯುವಕರು ಯುದ್ಧದಲ್ಲಿ ಕೊಲ್ಲುವುದಿಲ್ಲ ಎಂದು ನಿಂತವರು, ತಾವಾಗಿಯೇ ಪ್ರಯೋಗಕ್ಕೆ ಒಪ್ಪಿಕೊಂಡವರು. ಮನಸ್ಸು ಗಟ್ಟಿಯಿಲ್ಲ ಎಂದು ಅವರನ್ನು ಯಾರೂ ಹೇಳಲಾರರು. ಅಂಥವರು ತಟ್ಟೆ ನೆಕ್ಕಿದರು, ಅಡುಗೆ ಪುಸ್ತಕಗಳನ್ನು ಕೂಡಿಟ್ಟುಕೊಂಡು ಓದಿದರು, ಕನಸಿನಲ್ಲೂ ಊಟ ಕಂಡರು. ಮತ್ತೆ ಬೇಕಾದಷ್ಟು ಊಟ ಸಿಕ್ಕ ಮೇಲೂ ಹಲವರಿಗೆ ತಿಂಗಳುಗಟ್ಟಲೆ ಹಸಿವು ತೀರಲಿಲ್ಲ. ಅವರಿಗೆ ಆ 24 ವಾರ ಕೊಡುತ್ತಿದ್ದದ್ದು ದಿನಕ್ಕೆ ಸುಮಾರು 1,570 ಕ್ಯಾಲರಿ. ಗಂಡಸರ ಮೈ ದೊಡ್ಡದು, ಅವರ ಲೆಕ್ಕವೇ ಬೇರೆ, ಒಪ್ಪುತ್ತೇನೆ. ಆದರೂ ವಿಜ್ಞಾನಿಗಳು ಅರೆಹೊಟ್ಟೆ ಎಂದು ಕರೆದದ್ದಕ್ಕಿಂತ ಕಡಿಮೆ ಊಟವನ್ನು ನನ್ನ ಫ್ರಿಜ್ಜಿನ ಬಾಗಿಲ ಮೇಲಿನ ಹಾಳೆ ಆರೋಗ್ಯ ಎಂದು ಕರೆದಿತ್ತು.

ತೂಕ ಇಳಿದಂತೆಲ್ಲ ಹೊಟ್ಟೆಯಿಂದ ಹೊರಡುವ ಗ್ರೆಲಿನ್ ಎಂಬ ಹಾರ್ಮೋನು ಏರುತ್ತದೆ, ಸಾಕು ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಇಳಿಯುತ್ತದೆ ಎಂದೂ ಅವಳೇ ವಿವರಿಸಿದಳು. ಲೆಪ್ಟಿನ್ ಪತ್ತೆಯಾದದ್ದು 1994ರಲ್ಲಿ, ಗ್ರೆಲಿನ್ 1999ರಲ್ಲಿ. ಅಂದರೆ ಮೈಯೇ ಒಳಗಿನಿಂದ ಊಟ ಕೇಳುತ್ತಿರುತ್ತದೆ ಎಂಬುದು ತಿಳಿದು ಕಾಲು ಶತಮಾನ ದಾಟಿದೆ. ಇನ್ನೂ ಹೆಂಗಸರಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದೇ ಉಪದೇಶ.

ನನ್ನ ಅವ್ವ ಇದನ್ನು ಯಾವ ಹಾರ್ಮೋನಿನ ಹೆಸರೂ ಇಲ್ಲದೆ ಬಲ್ಲವಳು. ವಿ.ಸಿ. ನಾಲೆಗೆ ನೀರು ಬಿಟ್ಟೊಡನೆ ಅವಳು ಊರಿನ ಹೆಂಗಸರ ಜೊತೆ ನಾಟಿಗೆ ಹೋಗುತ್ತಿದ್ದಳು. ಗದ್ದೆಯ ಯಜಮಾನ ಎಷ್ಟೇ ಜಿಪುಣನಾದರೂ ನಾಟಿಯ ದಿನ ಮುದ್ದೆ, ಉಪ್ಪುಸಾರು, ಕಾಳಿನ ಪಲ್ಯ ಹೊತ್ತು ತಂದು ಬದುವಿನ ಮೇಲೆ ಬಡಿಸುತ್ತಿದ್ದ. ಮೈ ಬಗ್ಗಿಸಿ ದುಡಿಯುವವರಿಗೆ ಊಟ ಕಡಿಮೆ ಮಾಡುವುದು ಆ ಗದ್ದೆಯಲ್ಲಿ ಯಾರಿಗೂ ಹೊಳೆಯದ ಮಾತು. ನನ್ನ ಪಟ್ಟಿಯ ಸಂಗತಿ ಕೇಳಿ ಅವ್ವ ಹೇಳಿದ್ದು ಇಷ್ಟೇ: "ಎತ್ತಿಗೆ ಹುಲ್ಲು ಹಾಕದೆ ನೊಗ ಕಟ್ಟುತ್ತೀಯಾ?"

ಆಮೇಲೆ ನಾನು ತರಗತಿ ಬಿಟ್ಟೆ, ವ್ಯಾಯಾಮ ಬಿಡಲಿಲ್ಲ. ಬೆಳಗ್ಗೆ ಸರ್ ಎಂ.ವಿ. ಕ್ರೀಡಾಂಗಣದಲ್ಲಿ ಮುಕ್ಕಾಲು ಗಂಟೆ ಚುರುಕಾಗಿ ನಡೆಯುತ್ತೇನೆ, ವಾರಕ್ಕೆ ಮೂರು ದಿನ ಮನೆಯಲ್ಲೇ ಬಸ್ಕಿ ಹೊಡೆಯುತ್ತೇನೆ. ಬದಲಾದದ್ದು ಊಟ. ನಡೆದು ಬಂದ ಒಂದು ಗಂಟೆಯೊಳಗೆ ಹೊಟ್ಟೆ ತುಂಬ ತಿಂಡಿ, ಅದರ ಜೊತೆ ಎರಡು ಬೇಯಿಸಿದ ಮೊಟ್ಟೆ, ಶನಿವಾರ ಮತ್ತು ಸೋಮವಾರ ಮೊಳಕೆ ಹೆಸರುಕಾಳು. ಮಧ್ಯಾಹ್ನ ಮುದ್ದೆ ಮೊದಲಿಗಿಂತ ಚಿಕ್ಕದು, ಆದರೆ ಹುರುಳಿಕಾಳೋ ಅಲಸಂದೆಯೋ ತಟ್ಟೆಯಲ್ಲಿ ಮುದ್ದೆಯಷ್ಟೇ ಜಾಗ ಹಿಡಿಯಬೇಕು, ಸೊಪ್ಪು ಇರಲೇಬೇಕು. ಮುದ್ದೆ ತಿಂದರೆ ಹಸಿವಾಗುವುದಿಲ್ಲ ಎಂದು ನಮ್ಮ ಕಡೆ ಹೆಮ್ಮೆಯಿಂದ ಹೇಳುತ್ತೇವೆ. ನನ್ನ ಅನುಭವದಲ್ಲಿ ಬರೀ ಮುದ್ದೆ, ನೀರು ಸಾರು ಉಂಡ ದಿನ ನಾಲ್ಕು ಗಂಟೆಗೇ ಹಸಿವು ಬರುತ್ತದೆ. ಕಾಳಿದ್ದ ದಿನ ಆರರವರೆಗೆ ತಡೆಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಕಾರ ಒಂದು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. ಅಂದಿನ ನನ್ನ ತೂಕಕ್ಕೆ ಅದು 61 ಗ್ರಾಂ ಆಗುತ್ತಿತ್ತು. ಹಳೆಯ ಪಟ್ಟಿಯಲ್ಲಿ ಅದರ ಅರ್ಧವೂ ಇರಲಿಲ್ಲ.

ನಾಲ್ಕು ಗಂಟೆ ನನಗೆ ಗಂಡಾಂತರದ ಹೊತ್ತು ಎಂದು ಗೊತ್ತಾದ ಮೇಲೆ, ಮೂರೂವರೆಗೇ ಯಂತ್ರ ನಿಲ್ಲಿಸಿ ಒಂದು ದೊಡ್ಡ ಲೋಟ ಮಜ್ಜಿಗೆ, ಒಂದು ಹಿಡಿ ಹುರಿಗಡಲೆ ತೆಗೆದುಕೊಳ್ಳುತ್ತೇನೆ. ಹುರಿದ ಕಡಲೆಕಾಯಿಬೀಜದಲ್ಲಿ ಕೈ ಜಾರುತ್ತಿತ್ತು. 50 ಗ್ರಾಂ ಬೀಜದಲ್ಲಿ 280 ಕ್ಯಾಲರಿಯಷ್ಟಿದೆ, ನನ್ನ ಬೆಳಗಿನ ನಡಿಗೆ ಅಷ್ಟನ್ನು ಕರಗಿಸುವುದಿಲ್ಲ. ಹಾಗಾಗಿ ಅದನ್ನು ಚಟ್ನಿಗೆ ಮಾತ್ರ ಇಟ್ಟುಕೊಂಡೆ. ಹಬ್ಬದ ಕೆಲಸಕ್ಕೆ ರಾತ್ರಿ ಎಚ್ಚರವಿರುವುದನ್ನೂ ಬಿಟ್ಟೆ. ನಿದ್ದೆಗೆಟ್ಟ ಮರುದಿನ ಎಷ್ಟು ತಿಂದರೂ ಸಾಲದು. ಆರ್ಡರುಗಳು ಸ್ವಲ್ಪ ಕಡಿಮೆಯಾದವು, ಆಗಲಿ.

ಹಸಿವು ಹೋಗಲಿಲ್ಲ. ಊಟಕ್ಕೆ ಮುಂಚೆ ಈಗಲೂ ಚೆನ್ನಾಗಿಯೇ ಹಸಿಯುತ್ತದೆ. ಆದರೆ ಉಂಡ ಮೇಲೆ ತೀರುತ್ತದೆ, ರಾತ್ರಿ ಎಬ್ಬಿಸುವುದಿಲ್ಲ, ಕೈ ನಡುಗಿಸುವುದಿಲ್ಲ. ಹದಿನಾಲ್ಕು ತಿಂಗಳಲ್ಲಿ ಎಂಟು ಕಿಲೋ ಇಳಿದೆ, ಕೆಲವು ತಿಂಗಳು ಏನೂ ಇಳಿಯಲಿಲ್ಲ. ಸಕ್ಕರೆ 96ಕ್ಕೆ ಬಂದಿದೆ. ಅಳತೆ ಪುಸ್ತಕದಲ್ಲಿ ನನ್ನದೂ ಒಂದು ಪುಟವಿದೆ, ಸೊಂಟ 38ರಿಂದ 35 ಆಗಿ ಅಲ್ಲಿಯೇ ನಿಂತಿದೆ.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ತೂಕ ಇಳಿಸುವ ಪಟ್ಟಿಯನ್ನು ಅಚ್ಚು ಹಾಕಿದಾಗ ಅದರ ಒಟ್ಟು ಕ್ಯಾಲರಿ ಎಷ್ಟು, ಪ್ರೋಟೀನು ಎಷ್ಟು ಎಂದು ಕೆಳಗೆ ಬರೆಯಿರಿ. ಎರಡು ವಾರದ ನಂತರ ಹಸಿವು ಹೆಚ್ಚುತ್ತದೆ, ಅದು ಓದುಗರ ತಪ್ಪಲ್ಲ, ಆಗ ವ್ಯಾಯಾಮ ಹೆಚ್ಚಿಸುವ ಬದಲು ಊಟವನ್ನು ನೋಡಿಕೊಳ್ಳಿ ಎಂದು ಒಂದು ಸಾಲು ಸೇರಿಸಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಟ್ಟು ವ್ಯಾಯಾಮ ಮಾಡಿದರೆ ಸಕ್ಕರೆ ಕುಸಿದು ಪ್ರಾಣಕ್ಕೇ ಕುತ್ತಾಗಬಹುದು ಎಂಬುದನ್ನಂತೂ ದಪ್ಪ ಅಕ್ಷರದಲ್ಲಿ ಹಾಕಿ.

ಕಳೆದ ಗುರುವಾರ ಮದುವೆ ರವಿಕೆಗೆ ಅಳತೆ ಕೊಡಲು ಒಬ್ಬಳು ಹುಡುಗಿ ಬಂದಳು. ತೋಳಿಗೆ ಟೇಪು ಸುತ್ತುವಾಗ ಅವಳ ಕೈ ತಣ್ಣಗಿತ್ತು. "ಊಟ ಮಾಡಿ ಎಷ್ಟು ಹೊತ್ತಾಯಿತು, ತಾಯಿ?" ಎಂದೆ. "ನಿನ್ನೆ ಮಧ್ಯಾಹ್ನ ಮಾಡಿದ್ದು ಆಂಟಿ. ಬೆಳಗ್ಗೆ ಜಿಮ್ಮಿಗೆ ಹೋಗಿ ಹಾಗೆಯೇ ಕಾಲೇಜಿಗೆ ಹೋದೆ. ಪೇಪರಿನಲ್ಲಿ ಬಂದಿತ್ತಲ್ಲ, ಅದನ್ನೇ ಮಾಡುತ್ತಿದ್ದೇನೆ" ಎಂದಳು. ಕೂರಿಸಿ, ನನ್ನ ಮಜ್ಜಿಗೆಯನ್ನೂ ಎರಡು ಬಾಳೆಹಣ್ಣನ್ನೂ ಕೊಟ್ಟೆ. ಮದುವೆಗೆ ಇನ್ನು ಏಳು ವಾರವಿದೆ. ಅವಳ ಮನೆಗೆ ಬರುವುದು ನಿಮ್ಮ ಪತ್ರಿಕೆಯೇ ಎಂದು ಕೇಳಿ ತಿಳಿದುಕೊಂಡಿದ್ದೇನೆ. ದಯವಿಟ್ಟು ಈ ಪತ್ರವನ್ನು ಅಷ್ಟರೊಳಗೆ ಪ್ರಕಟಿಸಿ.

ಇತಿ,
ನಿಮ್ಮ ಓದುಗರಲ್ಲೊಬ್ಬಳು,
ಮಂಡ್ಯದ ಒಬ್ಬ ದರ್ಜಿ