ಬ್ರಿಜಿಡ್‌ಳನ್ನು ಯಾರು ಏನೆಂದು ಕರೆಯುತ್ತಾರೆ?

ಪ್ರೀತಿಯ ತಂಗಿಗೆ,

ಕತೆ ಓದಿದೆ. ಬಾಸ್ಟನ್ನಿನ ಸಿರಿವಂತರ ಮನೆಗೆ ಕೆಲಸಕ್ಕೆ ಬರುವ ಐರಿಷ್ ಹುಡುಗಿ ಬ್ರಿಜಿಡ್ ಚೆನ್ನಾಗಿ ಮೂಡಿದ್ದಾಳೆ. ಆದರೆ ಮೊದಲ ಪುಟದಲ್ಲೇ ಅವಳ ಹೆಸರಿಗೆ 'ಬೆಂಕಿಯ ಬಾಣ' ಎಂಬ ಅರ್ಥ ಹೇಳಿ, ಮುಂದೆ ಅವಳು ಸಿಟ್ಟಾದಾಗಲೆಲ್ಲ ಅದೇ ಬಾಣ ಬಿಟ್ಟಿದ್ದೀಯ. ಅದು ನನಗೆ ಹಿಡಿಸಲಿಲ್ಲ.

ಆ ಅರ್ಥ ಕೊಟ್ಟಿದ್ದು ಕ್ರಿ.ಶ. 900ರ ಆಸುಪಾಸಿನ 'ಕಾರ್ಮಾಕ್‌ನ ಪದಕೋಶ' ಎಂಬ ಹಳೆಯ ಐರಿಷ್ ನಿಘಂಟು. ನಮ್ಮ ಸ್ಥಳಪುರಾಣಗಳು ಊರಿನ ಹೆಸರು ಬಿಡಿಸುವ ಹಾಗೆ ಹೆಸರನ್ನು ಎರಡು ತುಂಡು ಮಾಡಿ ಹೊಸೆದ ವಿವರಣೆ ಅದು. ಭಾಷಾಶಾಸ್ತ್ರಜ್ಞರ ಪ್ರಕಾರ ಬ್ರಿಜಿಡ್ ಅಂದರೆ ಉನ್ನತಳು, ಹಿರಿಮೆಯುಳ್ಳವಳು. ಸಂಸ್ಕೃತದ 'ಬೃಹತೀ', ನಾವು ದಿನಾ ಬಳಸುವ 'ಬೃಹತ್' ಎಲ್ಲ ಒಂದೇ ಬೇರಿನವು. (ಇದನ್ನೂ ಕತೆಯೊಳಗೆ ತುರುಕಬೇಡ ಮಾರಾಯ್ತಿ!)

ಅದೇ ಪದಕೋಶ ಬ್ರಿಜಿಡ್ ಕವಿಗಳು ಪೂಜಿಸುತ್ತಿದ್ದ ದೇವತೆ ಎನ್ನುತ್ತದೆ. ಅವಳಿಗೆ ವೈದ್ಯಕ್ಕೊಬ್ಬಳು, ಕಮ್ಮಾರಿಕೆಗೊಬ್ಬಳು, ಅದೇ ಹೆಸರಿನ ಅಕ್ಕತಂಗಿಯರು. ಕ್ರೈಸ್ತಮತ ಬಂದ ಮೇಲೆ ಹೆಸರು ಬೆಳಗಿದ್ದು ಐರ್ಲೆಂಡಿನ ಕಿಲ್ಡೇರ್ ಊರಿನ ಸಂತ ಬ್ರಿಜಿಡ್‌ಳಿಂದ. ಅಲ್ಲಿ ಆರದ ಬೆಂಕಿಯೊಂದನ್ನು 19 ಸನ್ಯಾಸಿನಿಯರು ಸರದಿಯಂತೆ ಕಾಯುತ್ತಿದ್ದರೆಂದು 12ನೆಯ ಶತಮಾನದಲ್ಲಿ ಜೆರಾಲ್ಡ್ ಆಫ್ ವೇಲ್ಸ್ ಎಂಬ ಪಾದ್ರಿ ಬರೆದಿದ್ದಾನೆ. 20ನೆಯ ರಾತ್ರಿ, ನಿನ್ನ ಬೆಂಕಿ ನೀನೇ ನೋಡಿಕೊಳ್ಳಮ್ಮ ಎಂದು ಬ್ರಿಜಿಡ್‌ಗೇ ಒಪ್ಪಿಸಿ ಹೋಗುತ್ತಿದ್ದರಂತೆ. ಬೆಳಗ್ಗೆ ನೋಡಿದರೆ ಕಟ್ಟಿಗೆ ಎಂದಿನಷ್ಟೇ ಉರಿದಿರುತ್ತಿತ್ತು! ಇಂಥ ಬೆಂಕಿ ಇರುವಾಗ ಬಾಣ ಯಾಕೆ?

ನಿನ್ನ ಕತೆಗೆ ನಿಜಕ್ಕೂ ಬೇಕಾದದ್ದು ಇನ್ನೂ ಈಚಿನದು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಹಸಿವು ಹರಡಿತಲ್ಲ, ಆಗ ಅಮೆರಿಕದ ಹಡಗು ಹತ್ತಿದ ಹುಡುಗಿಯರಲ್ಲಿ ಈ ಹೆಸರಿನವರು ಬಹಳ. ಕೊನೆಗೆ ಐರಿಷ್ ಕೆಲಸದವಳು ಯಾರೇ ಆಗಿರಲಿ, ಯಜಮಾನಿಯರ ಬಾಯಲ್ಲಿ 'ಬ್ರಿಜೆಟ್', ಇಲ್ಲವೇ 'ಬಿಡ್ಡಿ'. ವ್ಯಂಗ್ಯಚಿತ್ರಗಳಲ್ಲಿ ಬಿಡ್ಡಿ ಎಂದರೆ ಒರಟು ಅಡುಗೆಯವಳು. ಊರಿನಲ್ಲಿ ತಾಯಿ ನಿನ್ನ ಹುಡುಗಿಯನ್ನು ಐರಿಷ್‌ನಲ್ಲಿ 'ಬ್ರೀಡ್' ಎಂದು ಕೂಗಿರುತ್ತಾಳೆ. ನಿನ್ನ ಯಜಮಾನಿಯೋ ಕತೆಯುದ್ದಕ್ಕೂ ಮರ್ಯಾದೆಯಿಂದ 'ಬ್ರಿಜಿಡ್' ಎನ್ನುತ್ತಾಳೆ. ನಾನಂತೂ ನಂಬಲಿಲ್ಲ. ಹುಡುಗಿ ಯಾವ ಕರೆಗೆ ಓಗೊಡುತ್ತಾಳೆ, ಯಾವುದಕ್ಕೆ ಕೇಳಿಸದವಳ ಹಾಗೆ ಪಾತ್ರೆ ತಿಕ್ಕುತ್ತಾಳೆ? ಬಾಣ ಕಿತ್ತ ಜಾಗದಲ್ಲಿ ಅದನ್ನು ಬರೆ. ಮುಂದೆ ತನ್ನ ಮಗಳಿಗೆ ಈ ಹೆಸರಿಡಲು ಅವಳು ಹಿಂಜರಿದರೂ ಆಶ್ಚರ್ಯವಿಲ್ಲ. ಆ ಗೇಲಿಗೆ ಅಂಜಿ ಅಲ್ಲಿನ ಎಷ್ಟೋ ಐರಿಷ್ ಮನೆಗಳು ಇದನ್ನು ಕೈಬಿಟ್ಟವು.

ಬ್ರಿಜಿಡ್‌ಳ ಮೊಮ್ಮಗಳು ಐರ್ಲೆಂಡಿಗೆ ಬಂದಿಳಿಯುವ ಭಾಗ ಚಳಿಗಾಲದಲ್ಲಿದೆಯಲ್ಲ, ಫೆಬ್ರವರಿ 1ಕ್ಕೇ ಇಡು. ಅದು ಸಂತ ಬ್ರಿಜಿಡ್‌ಳ ಹಬ್ಬ, ಮನೆಮನೆಯಲ್ಲೂ ಜೊಂಡಿನ ಶಿಲುಬೆ ಹೆಣೆಯುವ ಕಾಲ. ತಿದ್ದಿದ ಮೇಲೆ ಇನ್ನೊಮ್ಮೆ ಕಳಿಸು.

ಇಂತಿ,
ನಿನ್ನ ಅಕ್ಕ