ಮಣಿಕಟ್ಟಿನ ಪ್ರಯೋಗಕ್ಕೆ ಇಷ್ಟೊಂದು ಹೊರೆಯೇ?

ಮಾನ್ಯರೇ,

ನಿರ್ಧಾರ ಮಾಡುವುದು ನಾವಲ್ಲ, ಮಿದುಳು ಎಂದು ವಾದಿಸುವ ಭಾನುವಾರದ ಪುರವಣಿ ಲೇಖನ, ಅಮೆರಿಕದ ನರವಿಜ್ಞಾನಿ ಬೆಂಜಮಿನ್ ಲಿಬೆಟ್ ಅವರ 1983ರ ಪ್ರಯೋಗವನ್ನೇ ಕೊನೆಯ ಮಾತೆಂಬಂತೆ ಮುಂದಿಟ್ಟಿದೆ. ಆ ಪ್ರಯೋಗ ನಡೆದ ಬಗೆ ನೋಡಿದರೆ ಅಷ್ಟು ದೊಡ್ಡ ತೀರ್ಮಾನಕ್ಕೆ ಅಲ್ಲಿ ಜಾಗವಿಲ್ಲ.

ಪ್ರಯೋಗಕ್ಕೆ ಕೂತವರ ತಲೆಗೆ ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ಇಇಜಿ, ಕೈಗೆ ಸ್ನಾಯುವಿನ ಮಿಡಿತ ಹಿಡಿಯುವ ಇಎಂಜಿ, ಎದುರಿಗೆ 2.56 ಸೆಕೆಂಡಿಗೊಂದು ಸುತ್ತು ಹಾಕುವ ಬೆಳಕಿನ ಚುಕ್ಕೆ. ಮನಸ್ಸು ಬಂದಾಗ ಮಣಿಕಟ್ಟು ಆಡಿಸಿ, ಮನಸ್ಸು ಬಂದ ಗಳಿಗೆಯಲ್ಲಿ ಚುಕ್ಕೆ ಎಲ್ಲಿತ್ತೆಂದು ಹೇಳಬೇಕು. ಸಿದ್ಧತಾ ವಿಭವ ಎಂಬ ವಿದ್ಯುತ್ ಅಲೆ ಚಲನೆಗೆ ಸುಮಾರು 550 ಮಿಲಿಸೆಕೆಂಡ್ ಮೊದಲೇ ಏಳುತ್ತಿತ್ತು. ಜನ ಹೇಳಿದ ಇಚ್ಛೆಯ ಕ್ಷಣ ಸುಮಾರು 200 ಮಿಲಿಸೆಕೆಂಡ್ ಮೊದಲು. ಇಚ್ಛೆಗಿಂತ ಮೊದಲೇ ಅಲೆ ಎದ್ದದ್ದರಿಂದ ನಿರ್ಧಾರ ಮಿದುಳಿನದೇ ಎಂಬುದು ವಾದ.

ತೊಡಕಿರುವುದು ಲೆಕ್ಕದಲ್ಲಿ. ಒಂದೇ ಸಲದ ದಾಖಲೆಯಲ್ಲಿ ಈ ಅಲೆ ಗದ್ದಲದಲ್ಲಿ ಮುಳುಗಿರುತ್ತದೆ. ಹಾಗಾಗಿ 40 ಸಲದ ದಾಖಲೆಗಳನ್ನು ಸ್ನಾಯು ಮಿಡಿದ ಕ್ಷಣಕ್ಕೆ ಸರಿಹೊಂದಿಸಿ, ಅಲ್ಲಿಂದ ಹಿಂದಕ್ಕೆ ಸರಾಸರಿ ತೆಗೆಯುತ್ತಾರೆ. ಎದ್ದರೂ ಚಲನೆಯಾಗದೆ ಇಳಿದುಹೋದ ಅಲೆಗಳು ಲೆಕ್ಕಕ್ಕೇ ಬರುವುದಿಲ್ಲ. 2012ರಲ್ಲಿ ಆರನ್ ಶುರ್ಗರ್ ಮತ್ತು ಸಂಗಡಿಗರು ಎತ್ತಿ ತೋರಿಸಿದ್ದು ಇದನ್ನೇ: ತನ್ನಷ್ಟಕ್ಕೆ ಏರಿಳಿಯುವ ನರಚಟುವಟಿಕೆ ಒಂದು ಮಿತಿ ದಾಟಿದಾಗ ಕೈ ಆಡುತ್ತದೆ ಎಂದಿಟ್ಟುಕೊಂಡರೂ, ಹಿಂದಕ್ಕೆ ಸರಾಸರಿ ತೆಗೆದಾಗ ಅದೇ ನಿಧಾನದ ಏರು ಸಿಗುತ್ತದೆ. ಏರು ಶುರುವಾದಾಗಲೇ ನಿರ್ಧಾರ ಮುಗಿದಿತ್ತು ಎನ್ನುವುದು ಹೇಗೆ? (ಇದರಿಂದ ನಿರ್ಧರಿಸುವುದು ಮಿದುಳಿನಾಚೆಯ ಆತ್ಮ ಎಂಬ ವಾದ ಗೆದ್ದಿತೆಂದು ಯಾರೂ ಹಿಗ್ಗಬೇಕಿಲ್ಲ, ಶುರ್ಗರ್ ಲೆಕ್ಕದಲ್ಲಿರುವುದೂ ನರಕೋಶಗಳೇ.)

200ರ ಅಂಕಿಯೂ ಗಟ್ಟಿಯಲ್ಲ. ಗುಂಡಿ ಒತ್ತಿದ 5ರಿಂದ 60 ಮಿಲಿಸೆಕೆಂಡ್ ನಂತರ ಬೀಪ್ ಕೇಳಿಸಿದ ಬ್ಯಾಂಕ್ಸ್ ಮತ್ತು ಇಶಾಮ್ ಅವರ 2009ರ ಪ್ರಯೋಗದಲ್ಲಿ, ಬೀಪ್ ತಡವಾದಷ್ಟೂ ಜನ ತಮ್ಮ ಇಚ್ಛೆಯ ಕ್ಷಣವನ್ನೂ ಮುಂದಕ್ಕೆ ತಳ್ಳಿ ಹೇಳಿದರು. ಇಚ್ಛೆಯ ಹೊತ್ತನ್ನು ಜನ ಭಾಗಶಃ ಕೆಲಸ ಆದಮೇಲೆ ಊಹಿಸುತ್ತಾರೆ ಎಂದಾಯಿತು.

ಇದರ ಜೊತೆಗೆ, ‘ಏಳು ಸೆಕೆಂಡ್ ಮೊದಲೇ ಮಿದುಳಿಗೆ ಗೊತ್ತು’ ಎಂದು ಲೇಖನ ಎತ್ತಿರುವ, ಮಿದುಳಿನ ಎಂಆರ್‌ಐ ಚಿತ್ರ ತೆಗೆದು ಮಾಡಿದ 2008ರ ಅಧ್ಯಯನವೂ ಇದೆ. ಎರಡು ಗುಂಡಿಗಳಲ್ಲಿ ಯಾವುದನ್ನು ಒತ್ತುತ್ತಾರೆಂಬ ಊಹೆ ಅಲ್ಲಿ ಸರಿಯಾದದ್ದು ಶೇ 60ರ ಆಸುಪಾಸು. ನಾಣ್ಯ ಚಿಮ್ಮಿದರೂ ಶೇ 50 ಸಿಗುತ್ತದಲ್ಲ, ಅದನ್ನು ಲೇಖಕರು ಬರೆಯಬೇಕಿತ್ತು.

ಅಪರಾಧಿಗೆ ಶಿಕ್ಷೆಯೇಕೆ ಎಂದೂ ಅವರು ಕೇಳಿದ್ದಾರೆ. ಶಿಕ್ಷೆಯ ಪ್ರಶ್ನೆ ಏಳುವುದು ಹೆಚ್ಚಾಗಿ ಯೋಚಿಸಿ ಮಾಡಿದ ಕೆಲಸಕ್ಕೆ, ಹಾಗಾಗಿ ನರವಿಜ್ಞಾನಿ ಉರಿ ಮಾವೋಜ್ ತಂಡದ 2019ರ ಅಧ್ಯಯನ ಇಲ್ಲಿ ಪ್ರಸ್ತುತ. ಎರಡು ಸೇವಾಸಂಸ್ಥೆಗಳಲ್ಲಿ ಯಾವುದಕ್ಕೆ 1000 ಡಾಲರ್ ಹೋಗಬೇಕೆಂದು ಯೋಚಿಸಿ ಆರಿಸುವಾಗ ಸಿದ್ಧತಾ ವಿಭವ ಹೆಚ್ಚುಕಡಿಮೆ ಕಾಣಲೇ ಇಲ್ಲ. ಏನು ಒತ್ತಿದರೂ ಎರಡಕ್ಕೂ ಸಮಪಾಲು ಎಂದಾಗ ಮಾತ್ರ ಸ್ಪಷ್ಟವಾಗಿ ಎದ್ದಿತು. ಪುರವಣಿಯ ಮುಂದಿನ ಕಂತಿನಲ್ಲಿ ಈ ಅಧ್ಯಯನಕ್ಕೂ ಜಾಗ ಕೊಡಿ.

– ಶರೀರಕ್ರಿಯಾ ಶಾಸ್ತ್ರದ ಬೋಧಕ, ಧಾರವಾಡ