ಮೂಗುಬಟ್ಟು ಕುಂಕುಮದ ಭರಣಿಯಲ್ಲಿದೆ

ಲೆಸ್ಟರ್, ಇಂಗ್ಲೆಂಡ್

ತೀರ್ಥರೂಪ ಅಪ್ಪನವರಿಗೂ ಮಾತೋಶ್ರೀ ಅವ್ವನವರಿಗೂ ನಿಮ್ಮ ಹಿರಿಯ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ.

ಹೋದ ವಾರ ವಿಡಿಯೋ ಕಾಲ್‌ನಲ್ಲಿ ನನ್ನ ಬರಿಮೂಗು ಕಂಡು ಅವ್ವ ಮಾತು ನಿಲ್ಲಿಸಿದ್ದು, ಆಮೇಲೆ ಅಪ್ಪ ಫೋನು ತೆಗೆದುಕೊಂಡು “ಅಲ್ಲಿ ಮಂದಿಗೆ ನಾಚಿ ತಗದಿಯೇನು?” ಎಂದು ಕೇಳಿದ್ದು, ಎರಡೂ ಮನಸ್ಸಿನಲ್ಲೇ ಉಳಿದಿವೆ. ಡ್ಯೂಟಿಗೆ ಹೊರಟ ಗಡಿಬಿಡಿಯಲ್ಲಿ ಉತ್ತರ ಹೇಳಲಾಗಲಿಲ್ಲ. ಈಗ ಬರೆಯುತ್ತಿದ್ದೇನೆ.

ನಮ್ಮ ಆಂಬುಲೆನ್ಸ್ ಸೇವೆಯಲ್ಲಿ ಕಿವಿಯ ಹಾಲೆಗೆ ಒಂದೊಂದು ಸಾದಾ ಹರಳು ಇರಬಹುದು. ಮೂಗು, ಹುಬ್ಬು, ತುಟಿಗಳಲ್ಲಿ ಏನೂ ಇರುವಂತಿಲ್ಲ. ಮೊಣಕೈಯಿಂದ ಕೆಳಗೆ ವಾಚು, ಬಳೆ, ಉದ್ದ ತೋಳು ಕೂಡದೆಂಬ ನಿಯಮ ಇಲ್ಲಿಯ ಆಸ್ಪತ್ರೆಗಳಿಗೆ 2007ರಲ್ಲೇ ಬಂದದ್ದು. ಮದುವೆಯ ಸಾದಾ ಉಂಗುರವೊಂದಕ್ಕೆ ವಿನಾಯಿತಿ ಉಂಟು. ಬಳೆಯ ವಿಷಯದಲ್ಲಿ ನನಗೆ ತಕರಾರಿಲ್ಲ, ಏಕೆಂದರೆ ಕೈ ತೊಳೆಯುವಾಗ ಸೋಪಿನ ನೀರು ಮಣಿಕಟ್ಟು ದಾಟಬೇಕು. ಮೂಗಿನ ವಿಷಯದಲ್ಲಿ ಮಾತ್ರ ಮೊದಮೊದಲು ನಾನು ವಾದಿಸಿದ್ದೆ.

ಅವರು ಹೇಳಿದ ಮೊದಲ ಕಾರಣ ಮಾಸ್ಕು; ಮೂಗುಬಟ್ಟಿದ್ದರೆ ಅದು ಮುಖಕ್ಕೆ ಬಿಗಿಯಾಗಿ ಕೂರುವುದಿಲ್ಲವಂತೆ. ತಲೆಯ ಮೇಲೆ ಮುಸುಕು ಹಾಕಿ, ಒಳಗೆ ಕಹಿ ದ್ರವ ಸಿಂಪಡಿಸಿ, ಮಾಸ್ಕು ತೊಟ್ಟವರಿಗೆ ಆ ಕಹಿ ತಾಗುತ್ತದೆಯೇ ಎಂದು ಇಲ್ಲಿ ಪರೀಕ್ಷಿಸುತ್ತಾರೆ. ನನಗೆ ತಾಗಲಿಲ್ಲ, ನನ್ನ ಮೂಗುಬಟ್ಟು ಮಾಸ್ಕಿನ ಅಂಚಿಗೆ ಬರುವುದೇ ಇಲ್ಲ. ಎರಡನೆಯದು ಸೋಂಕು. ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಸುಮ್ಮನೆ ಮನೆ ಮಾಡಿಕೊಂಡಿರುತ್ತದೆ. ಮೂಗು ಮುಟ್ಟಿದ ಕೈ ಇನ್ನೊಬ್ಬರ ಗಾಯ ಮುಟ್ಟಿದರೆ ಅದೇ ದೊಡ್ಡ ಉಪದ್ರವ. ಅಜ್ಜಿ ಮಾತಾಡುತ್ತ ಮಾತಾಡುತ್ತ ಬೆರಳಿನಿಂದ ಮೂಗುಬಟ್ಟನ್ನು ತಿರುವುತ್ತಿದ್ದುದು ನೆನಪಿದೆಯೇ? ನನಗೂ ಅದೇ ಚಾಳಿ ಇದೆಯೆಂದು ಜೊತೆಗಾರನೊಬ್ಬ ಹೇಳುವವರೆಗೆ ಗೊತ್ತಿರಲಿಲ್ಲ. ಅಲ್ಲಿಗೆ ನನ್ನ ಅರ್ಧ ವಾದ ಮುಗಿಯಿತು.

ಉಳಿದರ್ಧ ಒಬ್ಬ ಮುದುಕರ ಮನೆಯಲ್ಲಿ ಮುಗಿಯಿತು. ಆಗ ನಾನು ಮೂಗುಬಟ್ಟಿನ ಮೇಲೆ ಚರ್ಮದ ಬಣ್ಣದ ಪಟ್ಟಿ ಅಂಟಿಸಿಕೊಂಡು ಹೋಗುತ್ತಿದ್ದೆ. ಸಕ್ಕರೆ ತೀರಾ ಇಳಿದು ಆ ಅಜ್ಜನಿಗೆ ಭ್ರಮೆ ಹಿಡಿದಿತ್ತು. ಬೆರಳಿನಿಂದ ರಕ್ತದ ಹನಿ ತೆಗೆಯಲು ಬಗ್ಗಿದಾಗ ನನ್ನ ಮುಖಕ್ಕೆ ಕೈಹಾಕಿದರು. ಪಟ್ಟಿಯ ಅಂಚು ಉಗುರಿಗೆ ಸಿಕ್ಕಿ, ಮೂಗುಬಟ್ಟು ತಿರುಪಿನ ಸಮೇತ ಕಿತ್ತು ಬಂತು. ಅವರ ಹಾಸಿಗೆಯ ಮೇಲೆ ನನ್ನದೇ ರಕ್ತದ ಎರಡು ಹನಿ. ಗ್ಲೂಕೋಸ್ ಏರಿದ ಮೇಲೆ ಅವರು ಪಾಪ ನನಗೇ ಚಹಾ ಬೇಕೇ ಎಂದು ಕೇಳಿದರು. ಅಂದಿನಿಂದ ಮೂಗುಬಟ್ಟು ಅವ್ವ ಕೊಟ್ಟ ಕುಂಕುಮದ ಭರಣಿಯಲ್ಲಿದೆ.

‘ವೃತ್ತಿಗೆ ತಕ್ಕ ನೋಟ’ ಎಂಬ ಮೂರನೆಯ ಕಾರಣವನ್ನು ಮಾತ್ರ ನಾನು ಇವತ್ತಿಗೂ ಒಪ್ಪುವುದಿಲ್ಲ. ಮೊನ್ನೆ ನಡುರಾತ್ರಿ ಎದೆನೋವೆಂದು ಕರೆಸಿದ ಗುಜರಾತಿ ಅಜ್ಜಿ ನನ್ನ ಮೂಗನ್ನು ನೋಡಲಿಲ್ಲ, ತಮ್ಮ ಮಂಗಳಸೂತ್ರದತ್ತ ಹೋದ ನನ್ನ ಕೈಯನ್ನು ನೋಡಿದರು. ಇಸಿಜಿಯ ಅಂಟುಗಳನ್ನು ಎದೆಗೆ ಹಚ್ಚಬೇಕಿತ್ತು; ಹೃದಯ ನಿಂತು ಶಾಕ್ ಕೊಡುವ ಪ್ರಸಂಗ ಬಂದರೆ ಅದರ ಪ್ಯಾಡಿನ ಕೆಳಗೆ ಲೋಹ ಇರಬಾರದು, ಅಲ್ಲಿ ಚರ್ಮ ಸುಡುತ್ತದೆ. ಅವರು ಸರವನ್ನು ಮುಷ್ಟಿಯಲ್ಲಿ ಹಿಡಿದುಬಿಟ್ಟರು. ನನ್ನ ಹರಕುಮುರುಕು ಹಿಂದಿಯಲ್ಲಿ, ಕತ್ತರಿಸುವುದಿಲ್ಲ, ಕತ್ತಿನಿಂದ ತೆಗೆಯುವುದೂ ಇಲ್ಲ, ಭುಜದ ಮೇಲೆ ಸರಿಸಿ ಪಟ್ಟಿ ಹಚ್ಚುತ್ತೇನೆ, ಅಷ್ಟೇ ಎಂದೆ. ಮುಷ್ಟಿ ಸಡಿಲವಾಯಿತು. ಆಸ್ಪತ್ರೆ ಮುಟ್ಟುವವರೆಗೆ ಅವರು ನನ್ನ ಕೈ ಬಿಡಲಿಲ್ಲ.

ಅಪ್ಪ, ನೀವು ಧಾರವಾಡ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು, ಹಕ್ಕಿನ ಮಾತು ಎತ್ತಿದಿರಿ. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ದಕ್ಷಿಣ ಭಾರತ ಮೂಲದ ಶಾಲಾ ಹುಡುಗಿಯೊಬ್ಬಳ ಮೂಗುಬಟ್ಟಿನ ಪರವಾಗಿ ಅಲ್ಲಿಯ ಸಂವಿಧಾನ ನ್ಯಾಯಾಲಯ 2007ರಲ್ಲಿ ತೀರ್ಪು ಕೊಟ್ಟಿದೆ. ಆದರೆ ಇಲ್ಲಿಯ ನರ್ಸ್ ಒಬ್ಬರು ಕತ್ತಿನ ಸರದ ಶಿಲುಬೆಗಾಗಿ ಹೂಡಿದ ದಾವೆಯಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2013ರಲ್ಲಿ ಅವರ ವಿರುದ್ಧ ನಿಂತಿತು. ವಾರ್ಡಿನಲ್ಲಿ ರೋಗಿಯ ಸುರಕ್ಷತೆಗಾಗಿ ಇಟ್ಟ ಕಟ್ಟುಪಾಡು ಸಲ್ಲುತ್ತದೆ ಎಂದಿತು. ಎರಡೂ ಸರಿ ಎಂದೇ ನನಗನ್ನಿಸುತ್ತದೆ.

ತಂಗಿ ಅಜ್ಜಿಯ ಬುಗುಡಿ ಹಾಕಿಕೊಳ್ಳಲು ಮೇಲಿನ ಕಿವಿ ಚುಚ್ಚಿಸಿಕೊಳ್ಳುತ್ತೇನೆಂದು ಹಟ ಹಿಡಿದಿದ್ದಾಳಂತೆ. ಬೇಡವೆನ್ನಬೇಡಿ; ಆದರೆ ತುರ್ತು ವಿಭಾಗದ ಕೆಲಸಕ್ಕೆ ಸೇರುವ ಹೊತ್ತಿಗೆ ಹಸಿಗಾಯ ಇರಬಾರದು. ಹಾಲೆಯ ತೂತು ಆರರಿಂದ ಎಂಟು ವಾರದಲ್ಲಿ ಮಾಯುತ್ತದೆ, ಮೇಲಿನ ಮೃದ್ವಸ್ಥಿ ಮಾಯಲು ಆರು ತಿಂಗಳಿಂದ ವರ್ಷವೇ ಹಿಡಿಯುತ್ತದೆ. ಅಂಗಡಿಯ ಗನ್ನಿನಿಂದ ಹೊಡೆಸುವುದು ಬೇಡ. ಅದು ಮೃದ್ವಸ್ಥಿಯನ್ನು ಜಜ್ಜುತ್ತದೆ, ಕೀವಾದರೆ ಕಿವಿಯ ಆಕಾರವೇ ಕೆಡಬಹುದು. ಚುಚ್ಚುವ ಹೊತ್ತಿಗೇ ಪ್ಯಾಕೆಟ್ಟು ಒಡೆದು ತೆಗೆದ ಹೊಸ ಸೂಜಿಯಿಂದಲೇ ಚುಚ್ಚಬೇಕು.

ಅವ್ವ, ನನ್ನ ಮೂಗಿನ ತೂತು ಮುಚ್ಚಿಲ್ಲ. ಮನೆಯಲ್ಲಿದ್ದಾಗ ಬಣ್ಣವಿಲ್ಲದ ಪ್ಲಾಸ್ಟಿಕ್ ಕಡ್ಡಿ ಹಾಕಿಕೊಳ್ಳುತ್ತೇನೆ. ಚಿಕ್ಕವರಿದ್ದಾಗ ನೀವು ನಮ್ಮ ಕಿವಿಗೆ ಇಡುತ್ತಿದ್ದ ಬೇವಿನ ಕಡ್ಡಿಯ ಹಾಗೆ. ಪಂಚಮಿಗೆ ಹದಿನೈದು ದಿನ ರಜೆ ಸಿಕ್ಕಿದೆ, ಮೂಗುಬಟ್ಟು ಹಾಕಿಕೊಂಡೇ ಬರುತ್ತೇನೆ. ಅಂದು ಕಿತ್ತು ಬಂದಾಗಿನಿಂದ ತಿರುಪು ಸಡಿಲಾಗಿದೆ. ಪತ್ತಾರರಿಗೆ ಒಂದು ಮಾತು ಹೇಳಿಡಿ.

ನಿಮ್ಮ ಆಶೀರ್ವಾದ ಬೇಡುವ,
ಮಗಳು